ಕಿರಕಿರ ಎಂದರೆ ಕಿರಿಕಿರಿಯಲ್ಲ

ಒಂದೇ ಭಾಷೆ ಆಡುವವರ ಮನೆಯಲ್ಲಿ ಎಡವಟ್ಟುಗಳು ಯಾವಾಗಲೋ ಒಮ್ಮೆ ಆಗುತ್ತವೆ. ನಾಲ್ಕು ಭಾಷೆಗಳನ್ನು ಅರ್ಧರ್ಧ ಆಡುವ ನಮ್ಮಂಥವರ ಮನೆಯಲ್ಲಿ ವಾರಕ್ಕೊಂದು ಗ್ಯಾರಂಟಿ. ಮಲೇಷ್ಯಾದ ಮೆಲಾಕಾದಲ್ಲಿದ್ದಾಗಂತೂ ಅದಕ್ಕೆ ದಿನ, ವೇಳೆ ಎರಡೂ ಗೊತ್ತಾಗಿದ್ದವು: ಗುರುವಾರ, ಸಂಜೆ ಐದು ಗಂಟೆ.

ತೊಂಬತ್ತೆಂಟರ ಮಾತು. ನಮ್ಮ ಯಜಮಾನರು ಅಲ್ಲೊಂದು ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಮೇಷ್ಟ್ರು. ಅವರು ಉಡುಪಿ ಕಡೆಯವರು, ನಾನು ಧಾರವಾಡದವಳು. ಮಗಳು ಶಾಲೆಗೆ, ಅವರು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ತಿರುಗುತ್ತಿದ್ದುದು ನಾನು ಮತ್ತು ಫ್ಯಾನು, ಇಬ್ಬರೇ. ಬೇಸರ ಕಳೆಯಲೆಂದು ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುತ್ತಿದ್ದ ಜಪಾನೀ ತರಗತಿಗೆ ಸೇರಿಕೊಂಡೆ. ಮೊದಲ ವರ್ಷ ಅಕ್ಷರ, ಸಣ್ಣಪುಟ್ಟ ಮಾತು. ಎರಡನೆಯ ವರ್ಷ ಕಥೆ ಬರೆಯುವುದು.

ಕಲಿಸುತ್ತಿದ್ದವರು ಐವತ್ತರ ಆಸುಪಾಸಿನ ಜಪಾನೀ ಗೃಹಿಣಿ. ಅವರ ಗಂಡ ಅಲ್ಲಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವೆಲ್ಲ ಅವರನ್ನು ಸೆನ್ಸೇ ಎನ್ನುತ್ತಿದ್ದೆವು, ಮೇಡಂ ಎಂದ ಹಾಗೆ. ಅವರ ಪಾಠದ ಕ್ರಮವೇ ಬೇರೆ. "ಮೊದಲು ಸದ್ದು ಬರೀರಿ. ವ್ಯಾಕರಣ ಹಿಂದಿನಿಂದ ಬರ್ತದೆ," ಎನ್ನುತ್ತಿದ್ದರು. ಜಪಾನೀ ಕಥೆಗಳಲ್ಲಿ ಎದೆ ದೋಕಿದೋಕಿ ಎನ್ನುತ್ತದೆ, ಮಳೆ ಜಾಜಾ ಎಂದು ಸುರಿಯುತ್ತದೆ, ಬಾವುಟ ಪಾತಪಾತ ಹಾರುತ್ತದೆ. ಉಳಿದ ವಿದ್ಯಾರ್ಥಿಗಳು ತಲೆ ಕೆರೆದುಕೊಂಡರು. ನನಗೆ ಮಾತ್ರ ತವರಿಗೆ ಬಂದ ಹಾಗಾಯಿತು. ನಮ್ಮಲ್ಲೂ ಎದೆ ಢವಢವ, ಮಳೆ ಧೋ, ಬಾವುಟ ಪಟಪಟ ತಾನೆ? ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡೆ. ಆ ಜಂಬವೇ ಮುಂದಿನ ಎಲ್ಲಕ್ಕೂ ಮೂಲ.

ಐದನೆಯ ತಲೆ

ಭವನದ ಕಾರ್ಯದರ್ಶಿ ನಗರಸಭೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದುಂಡಗಿನ ಮನುಷ್ಯ, ನಗುಮುಖ, ಆದರೆ ರೂಲ್ಸ್ ಎಂದರೆ ರೂಲ್ಸ್. ಯಾವ ತರಗತಿಗಾದರೂ ಐದು ತಲೆ ಇರಬೇಕು. ನಾಲ್ಕಾದ ದಿನವೇ ಕೋಣೆ ಸಾಲಾಗಿ ನಿಂತು ಕುಣಿಯುವ ಲೈನ್ ಡಾನ್ಸಿನವರಿಗೆ. ಆ ಡಾನ್ಸಿನವರು ಪಕ್ಕದ ಕಿರಿದಾದ ಕೋಣೆಯಲ್ಲಿ ಬೂಟು ಕುಟ್ಟುತ್ತ, ನಮ್ಮ ಬಾಗಿಲಲ್ಲಿ ಇಣುಕಿ ತಲೆ ಎಣಿಸುತ್ತ ಕಾದೇ ಇದ್ದರು.

ನಾವಿದ್ದವರು ಸರಿಯಾಗಿ ಐದೇ ಜನ. ರಬ್ಬರ್ ಎಸ್ಟೇಟಿನ ಶಾಲೆಯಿಂದ ನಿವೃತ್ತರಾದ ತಮಿಳು ಹೆಡ್‌ಮಾಸ್ಟರು, ಬಿಸ್ಕತ್ತಿನ ಅಂಗಡಿಯ ಚೀನೀ ಆಂಟಿ, ನಮ್ಮ ಯಜಮಾನರ ಕಾಲೇಜಿನ ಆಸ್ಪತ್ರೆಯ ಮಲಯ್ ನರ್ಸು, ಬ್ಯಾಂಕಿನಲ್ಲಿದ್ದ ಒಬ್ಬ ಹುಡುಗಿ, ಮತ್ತು ನಾನು. ಒಂದು ಗುರುವಾರ ಆ ಬ್ಯಾಂಕಿನ ಹುಡುಗಿ ಮದುವೆಯ ಕಾಗದ ಹಂಚಿ, ಕೌಲಾಲಂಪುರದ ಹತ್ತಿರದ ಸುಬಾಂಗ್ ಜಯಾಕ್ಕೆ ಸಂಸಾರ ಹೂಡಲು ಹೊರಟುಹೋದಳು. ಉಳಿದದ್ದು ನಾಲ್ಕು.

ಮರುದಿನ ಸೆನ್ಸೇ ಒಂದು ಡಬ್ಬಿ ಸಿಹಿ ಹಿಡಿದು ನಮ್ಮ ಮನೆಗೆ ಬಂದರು. "ವಾರದಲ್ಲಿ ಆರು ದಿನ ನಾನು ಅಂಗಿ ಇಸ್ತ್ರಿ ಮಾಡುವವಳು," ಎಂದರು. "ಗುರುವಾರ ಒಂದೇ ದಿನ ನಾನು ಸೆನ್ಸೇ." ಅಷ್ಟೇ ಹೇಳಿದ್ದು. ಆ ಫ್ಯಾನಿನ ಜೊತೆ ತಿರುಗುವ ಕಷ್ಟ ನನಗೂ ಗೊತ್ತಿತ್ತು.

ಐದನೆಯ ತಲೆಯಾಗಿ ಬನ್ನಿ ಎಂದು ಒಳಗಿದ್ದ ಯಜಮಾನರನ್ನು ಕರೆದೆ. "ಎಂತ ಮಾರಾಯ್ತಿ, ನನಗೆ ಪುರ್ಸೊತ್ತು ಎಲ್ಲುಂಟು? ನನಗೆ ಸ್ಲೈಡ್ಸ್ ನೋಡ್ಲಿಕ್ಕುಂಟು, ಪೇಪರ್ ತಿದ್ದಲಿಕ್ಕುಂಟು," ಎನ್ನುತ್ತಲೇ ಬಂದರು. ಅವರು ಬಾಗಿಲಿಗೆ ಬರುವಷ್ಟರಲ್ಲಿ ಸೆನ್ಸೇ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಇವರಿಗೆ ಯಾರಾದರೂ ಬಾಗಿದರೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಇವರೂ ಬಾಗಿದರು. ಇವರು ಬಾಗಿದ್ದು ನೋಡಿ ಸೆನ್ಸೇ ಇನ್ನೊಂದು ಗೇಣು ಕೆಳಗೆ ಹೋದರು. ಇವರೂ ಹೋದರು. ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲಕ್ಕೆ ಇವರ ನಡು ಅಲ್ಲೇ ಹಿಡಿದುಕೊಂಡಿತು.

"ಬರ್ತೇನೆ ಅಂತ ಹೇಳು ಮಾರಾಯ್ತಿ," ಎಂದರು ನೆಲ ನೋಡುತ್ತಲೇ. "ಅವರು ಹೋದ್ರೆ ನಾನು ಏಳಬಹುದು."

ಕಿರಕಿರ

ಮೊದಲ ದಿನ ಯಜಮಾನರು ಹಿಂದಿನ ಬೆಂಚಿನಲ್ಲಿ ಕೂತರು. ಅಕ್ಷರ ಬಾರದು, ಮಾತು ಬಾರದು. ತಲೆ ಲೆಕ್ಕಕ್ಕೆ ಬಂದವರು, ತಲೆ ಇಟ್ಟುಕೊಂಡು ಕೂತಿದ್ದರು.

ಆ ವಾರದ ಮನೆಗೆಲಸ 'ನಮ್ಮ ಮನೆಯಲ್ಲಿ ಕಂಡದ್ದು' ಎಂಬ ಐದು ಸಾಲಿನ ಕಥೆ. ನಾನು ಬರೆದದ್ದನ್ನು ಸೆನ್ಸೇ ಓದಿ ಬಹಳ ಮೆಚ್ಚಿದರು. ಹಿಂದಿನ ಬೆಂಚಿನ ಕಡೆ ತಿರುಗಿ, ತಮ್ಮ ಮುರುಕು ಇಂಗ್ಲಿಷಿನಲ್ಲಿ, "ನಿಮ್ಮ ಹೆಂಡತಿ ಬರೆದಿದ್ದಾರೆ, ಮನೆಯಲ್ಲಿ ಕಣ್ಣು ಕಿರಕಿರ, ಕಿರಕಿರ!" ಎಂದರು.

ಯಜಮಾನರ ಮುಖ ಧುಮುಗುಟ್ಟಿತು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಶುರುವಾಯಿತು. "ನನ್ನ ಕೆಲಸ ಬಿಟ್ಟು ನಿನ್ನ ತರಗತಿ ಉಳಿಸ್ಲಿಕ್ಕೆ ಬಂದವ ನಾನು. ನಾಲ್ಕು ಜನರ ಎದುರು ನನ್ನನ್ನು ಕಿರಿಕಿರಿ ಅಂತ ಬರೆದಿದ್ದೀಯಲ್ಲ? ಮುಂದಿನ ವಾರದಿಂದ ನಾನಿಲ್ಲ."

"ಹಂಗಲ್ರೀ," ಎಂದೆ, ಕಣ್ಣ ಮುಂದೆ ಲೈನ್ ಡಾನ್ಸಿನ ಬೂಟುಗಳು ಕಾಣತೊಡಗಿದ್ದವು. "ಕಿರಿಕಿರಿ ಅಲ್ಲ, ಕಿರಕಿರ. ಅವರ ಭಾಷಾದಾಗ ಹಂಗಂದ್ರ ಥಳಥಳ. ನಕ್ಷತ್ರಕ್ಕ ಹೇಳ್ತಾರ, ವಜ್ರಕ್ಕ ಹೇಳ್ತಾರ."

ಅವರು ನಿಂತಲ್ಲೇ ನಿಂತರು. ಕನ್ನಡಿಯ ಕಡೆ ಒಂದು ಹೆಜ್ಜೆ ಸರಿದು ಕನ್ನಡಕ ತೆಗೆದು ನೋಡಿಕೊಂಡರು. "ಮದುವೆಯಾಗಿ ಹದಿಮೂರು ವರ್ಷ ಆಯ್ತು," ಎಂದರು ಮೆತ್ತಗೆ. "ಕನ್ನಡದಲ್ಲಿ ಒಂದು ದಿನ ಹೇಳ್ಲಿಲ್ಲ ನೀನು. ಜಪಾನೀಯಲ್ಲಿ ಬರೆದಿದ್ದೀಯಾ?"

ಮುಂದಿನ ಗುರುವಾರ ನನಗಿಂತ ಮೊದಲು ತಯಾರಾಗಿ, ತಲೆ ಬಾಚಿ, ಕಾರಿನಲ್ಲಿ ಕೂತಿದ್ದರು. ಆ ಕಥೆ ನಮ್ಮ ಹಿತ್ತಲಿಗೆ ಬರುತ್ತಿದ್ದ ಪಕ್ಕದ ಮನೆಯ ಬೆಕ್ಕಿನದು ಎಂದು ನಾನು ಇವತ್ತಿನವರೆಗೂ ಹೇಳಿಲ್ಲ.

ಸದ್ದಿಲ್ಲದ್ದರ ಸದ್ದು

ಹೆಡ್‌ಮಾಸ್ಟರು ನಲವತ್ತು ವರ್ಷ 'ಸೈಲೆನ್ಸ್' ಎಂದು ಕೂಗಿ ಕೂಗಿ ಕಂಠ ಒಡೆದುಕೊಂಡವರು. ಅಂಥವರ ಮುಂದೆ ಒಂದು ದಿನ ಸೆನ್ಸೇ ಬೋರ್ಡಿನ ಮೇಲೆ 'ಶೀನ್' ಎಂದು ಬರೆದರು. ಎಲ್ಲಿ ಏನೂ ಸದ್ದಿಲ್ಲವೋ ಅಲ್ಲಿ ಜಪಾನೀ ಕಥೆಗಾರರು ಈ ಸದ್ದನ್ನು ಬರೆಯುತ್ತಾರೆ ಎಂದು ವಿವರಿಸಿದರು.

ಹೆಡ್‌ಮಾಸ್ಟರು ಎದ್ದು ನಿಂತರು. "ಮೇಡಂ, ಸದ್ದಿಲ್ಲ ಅಂದರೆ ಸದ್ದಿಲ್ಲ. ಇಲ್ಲದ್ದನ್ನು ಹೇಗೆ ಬರೆಯೋದು?"

"ಶೀನ್," ಎಂದರು ಸೆನ್ಸೇ.

"ಅದು ಸದ್ದಾಯಿತಲ್ಲ!"

"ಹೌದು. ಸದ್ದಿಲ್ಲದ ಸದ್ದು."

ನಾನು ಸುಮ್ಮನಿರಬೇಕಿತ್ತು. "ನಮ್ಮಲ್ಲೂ ಅದೇ, ಸರ್," ಎಂದು ಬಾಯಿ ಹಾಕಿದೆ. "ಜನ ಇಲ್ಲದ ಮನೆ ಬಿಕೋ ಅನ್ನುತ್ತದೆ. ಕತ್ತಲು ಗವ್ ಅನ್ನುತ್ತದೆ."

"ಕತ್ತಲು ಗವ್ ಅನ್ನುತ್ತದಾ? ಯಾಕೆ, ಕತ್ತಲು ನಾಯಿಯಾ?" ಎಂದು ಹೆಡ್‌ಮಾಸ್ಟರು ಪುಸ್ತಕ ಮುಚ್ಚಿದರು. "ಮೌನಕ್ಕೆ ಗಲಾಟೆ ಕಲಿಸುವ ತರಗತಿಯಲ್ಲಿ ನಾನು ಕೂರಲಾರೆ. ನನ್ನ ಇಡೀ ಸರ್ವಿಸಿಗೇ ಅವಮಾನ." ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ನಾಲ್ಕು ತಲೆ. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ನಾಯಿಯ ಹಾಗೆ ಗವ್ ಎನ್ನುವ ಕತ್ತಲನ್ನು ನಾನೇ ತಂದು ತರಗತಿಯಲ್ಲಿ ಕಟ್ಟಿದ್ದೆ. ಬಿಸ್ಕತ್ತಿನ ಆಂಟಿ ಅವರ ಮನೆಗೆ ಒಂದು ಡಬ್ಬಿ ಅನಾನಸ್ ಟಾರ್ಟ್ ಕಳಿಸಿದರು. ಟಾರ್ಟ್ ಒಳಗೆ ಹೋಯಿತು, ಹೆಡ್‌ಮಾಸ್ಟರು ಹೊರಗೆ ಬರಲಿಲ್ಲ.

ಆದರೆ ಗುರುವಾರ ಐದಕ್ಕೆ ಸರಿಯಾಗಿ ಛತ್ರಿಯೊಂದಿಗೆ ಬಂದು ತಮ್ಮ ಜಾಗದಲ್ಲಿ ಕೂತರು. ಮುಖ ಸೋತಿತ್ತು.

"ಮನೆಯಲ್ಲಿ ಈ ವಿಷಯ ಹೇಳಿದೆ," ಎಂದರು. "ನನ್ನ ಹೆಂಡತಿ ಹೇಳ್ತಾಳೆ, ನಮ್ಮ ತಮಿಳಿನಲ್ಲೂ ಇದೆಯಂತೆ. ಗುರುವಾರ ಸಂಜೆ ನೀವು ಅತ್ತ ಹೋದರೆ ಮನೆಯೆಲ್ಲ ಖಾಲಿಖಾಲಿ, ವೆರಿಚ್ ಅಂತದೆ ಅಂದಳು. ಪಾಪ, ಅಷ್ಟು ಬೇಜಾರಾಗ್ತದಾ ಅಂತ ಕೇಳಿದೆ."

"ಏನಂದರು?" ಎಂದರು ಸೆನ್ಸೇ.

"ಇಲ್ಲ, ಬಹಳ ಸುಖವಾಗಿರ್ತದೆ, ದಯವಿಟ್ಟು ತರಗತಿ ಬಿಡಬೇಡಿ ಅಂದಳು."

ಎರಡು ಮೀನು

ಸೆನ್ಸೇ ಅವರ ಗಂಡನಿಗೆ ಭಾನುವಾರ ಗಾಳ ಹಾಕುವ ಚಟ. ಒಂದು ಭಾನುವಾರ ಮಧ್ಯಾಹ್ನ ಸೆನ್ಸೇ ಫೋನ್ ಮಾಡಿದರು. "ನಿಮ್ಮ ಯಜಮಾನರಿಗೆ ಒಂದು ಮೀನು ಕಳಿಸಿದ್ದೇನೆ. ಗೇಟಿಗೆ ತೂಗು ಹಾಕಿದೆ. ತುಂಬಾ ಪಿಚಿಪಿಚಿ ಇದೆ!"

ನಾನು ಮೀನು ಮುಟ್ಟುವವಳಲ್ಲ. ಯಜಮಾನರಿಗೆ ಮೀನಿಲ್ಲದೆ ಊಟ ಇಳಿಯುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಬಾಣಲೆ, ನಡುವೆ ಒಂದು ಗಡಿ. ಹಾಗಾಗಿ ಸುದ್ದಿಯನ್ನಷ್ಟೇ ದಾಟಿಸಿದೆ: "ಮೀನ ಬಂದದ್ರೀ. ಪಿಚಿಪಿಚಿ ಆಗೇದಂತ. ಅವರೇ ಹೇಳಿದ್ರು."

"ಪಿಚಿಪಿಚಿ ಆದ ಮೀನನ್ನು ಯಾರಾದ್ರೂ ಕೊಡ್ತಾರಾ?" ಎಂದು ಗೇಟಿಗೆ ಹೋದರು. ಕಾಗದ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕು. ಒಳಗಿನ ಐಸು ಬಿಸಿಲಿಗೆ ಕರಗಿತ್ತು. ಹೊರಗಿನಿಂದ ಒಂದು ಬೆರಳು ಒತ್ತಿ ನೋಡಿದರು. ಪಿಚಕ್ ಎಂದಿತು. "ಹೌದು, ಹೋಗಿದೆ," ಎಂದು ಪೆಥಾಲಜಿಸ್ಟರ ತೀರ್ಪು ಕೊಟ್ಟು, ಬಿಚ್ಚದೆಯೇ ಹಿತ್ತಲಿನ ಪಪ್ಪಾಯಿ ಗಿಡದ ಬುಡದಲ್ಲಿ ಹೂತರು.

ಗುರುವಾರ ಸೆನ್ಸೇ ಮೀನು ಹೇಗಿತ್ತೆಂದು ಕೇಳಿದರು. ಇಷ್ಟು ದಿನಕ್ಕೆ ಯಜಮಾನರು ಕಲಿತಿದ್ದ ಜಪಾನೀ ಶಬ್ದಗಳು ಮೂರು. ಅದರಲ್ಲಿ ರುಚಿ ಎಂಬುದಕ್ಕೆ ಓಯ್ಶೀ ಎನ್ನುವುದೂ ಒಂದು. ಮರ್ಯಾದೆಗಾಗಿ "ಓಯ್ಶೀ, ಓಯ್ಶೀ," ಎಂದರು. ಅಷ್ಟು ಸಾಕಾಯಿತು. ಮುಂದಿನ ಭಾನುವಾರ ಗೇಟಿನಲ್ಲಿ ಇನ್ನೊಂದು, ಮೊದಲಿಗಿಂತ ದೊಡ್ಡದು. ಪಪ್ಪಾಯಿ ಗಿಡಕ್ಕೆ ಅದೂ ಸಂದಿತು.

ಆಮೇಲಿನ ತರಗತಿಗೆ ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಸೆನ್ಸೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಜಮಾನರಿಗೆ, "ನಿಮ್ಮ ಹೆಂಡತಿ ಪಿಚಿಪಿಚಿ, ಅಲ್ಲವಾ?" ಎಂದರು.

ಯಜಮಾನರು ತಲೆದೂಗಿದರು. "ಹೌದು ಹೌದು. ಈಚೆಗೆ ಸ್ವಲ್ಪ."

ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ವಾರದಿಂದ ನಾನೇ ಬರುವುದಿಲ್ಲ, ಐದು ತಲೆ ನೀವೇ ಹುಡುಕಿಕೊಳ್ಳಿ ಎಂದು ಅಲ್ಲೇ ಹೇಳಿಬಿಟ್ಟೆ. ಸೆನ್ಸೇ ಗಾಬರಿಯಾಗಿ ಬೋರ್ಡಿಗೆ ಓಡಿದರು. ಒಂದು ಮೀನು ಬರೆದರು, ಅದು ನೀರಿನಿಂದ ಮೇಲೆ ಚಿಮ್ಮುತ್ತಿತ್ತು. ಪಕ್ಕದಲ್ಲಿ ಒಂದು ಹುಡುಗಿಯನ್ನು ಬರೆದರು, ಅವಳೂ ಚಿಮ್ಮುತ್ತಿದ್ದಳು. ಪಿಚಿಪಿಚಿ ಎಂದರೆ ಈಗ ತಾನೇ ಹಿಡಿದು ತಂದದ್ದು, ತಾಜಾ, ಜೀವ ತುಂಬಿ ಪುಟಿಯುವುದು. ಮನುಷ್ಯರಿಗೆ ಹೇಳಿದರೆ ಹರೆಯದ ಕಳೆ.

ನನಗೆ ಖುಷಿಯಾಯಿತು. ಮೂವತ್ತೇಳನೆಯ ವಯಸ್ಸಿನಲ್ಲಿ ಇಂಥ ಮಾತು ದಿನಾ ಸಿಗುವುದಿಲ್ಲ. ಯಜಮಾನರ ಕಡೆ ತಿರುಗಿದೆ, ಒಂದು ಸಾರಿ ಕೇಳಲಿ ಎಂದು. ಅವರ ಕಣ್ಣು ತುಂಬಿಬಂದಿತ್ತು.

"ಎರಡು ಮೀನು ಮಾರಾಯ್ತಿ," ಎಂದರು. "ಎರಡು!"

ಓನಾಕ

ಆಮೇಲೆ ನರ್ಸಿನ ಸರದಿ. ವಾರ್ಡಿನ ದೊಡ್ಡ ಸಿಸ್ಟರು ಅವಳನ್ನು ಸಂಜೆಯ ಪಾಳಿಗೆ ಹಾಕಿದರು. ಗುರುವಾರ ಐದಕ್ಕೆ ಬರಲಾರೆ ಎಂದು ಹೇಳಿ ಅವಳು ಅತ್ತಳು, ಸೆನ್ಸೇ ಅತ್ತರು, ಆಂಟಿ ಬಿಸ್ಕತ್ತು ಕೊಟ್ಟರು. ಏನೂ ದಾರಿ ಕಾಣಲಿಲ್ಲ.

ಅದೇ ವಾರ ಆಸ್ಪತ್ರೆಗೆ ಒಬ್ಬ ಜಪಾನೀ ಇಂಜಿನಿಯರನನ್ನು ತಂದರು. ಕಾರ್ಖಾನೆಯಲ್ಲಿ ತಲೆ ಸುತ್ತಿ ಬಿದ್ದಿದ್ದ. ಪರೀಕ್ಷೆಗಳಿಗಾಗಿ ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಅವನಿಗೆ ಇಂಗ್ಲಿಷ್ ಬಾರದು, ಅಲ್ಲಿನ ಡಾಕ್ಟರುಗಳಿಗೆ ಜಪಾನೀ ಬಾರದು. ಯಾರೋ ನೆನಪು ಮಾಡಿದರು: ಪೆಥಾಲಜಿಯ ಡಾಕ್ಟರು ಪ್ರತಿ ಗುರುವಾರ ಜಪಾನೀ ಕಲಿಯುತ್ತಾರಲ್ಲ? ಕರೆಸಿ.

ಯಜಮಾನರು ಬಿಳಿಕೋಟು ಸರಿಮಾಡಿಕೊಂಡು ಹೋದರು. ರೋಗಿ ಅವರ ಕೈ ಹಿಡಿದು, "ಓನಾಕ ಪೆಕೋಪೆಕೋ," ಎಂದ.

ಓನಾಕ ಎಂದರೆ ಹೊಟ್ಟೆ. ಇವರಿಗೆ ಗೊತ್ತಿದ್ದ ಮೂರರಲ್ಲಿ ಅದು ಎರಡನೆಯದು. ಪೆಕೋಪೆಕೋ ಎಂದರೇನೆಂದು ಗೊತ್ತಿರಲಿಲ್ಲ, ಆದರೆ ರೋಗಿಯ ಮುಖ ನೋಡಿದರೆ ಸಂಶಯಕ್ಕೆ ಎಡೆಯಿರಲಿಲ್ಲ. "ಹೊಟ್ಟೆನೋವು. ವಿಚಿತ್ರ ಥರದ್ದು," ಎಂದು ಉಳಿದವರಿಗೆ ತಿಳಿಸಿದರು. ಹೊಟ್ಟೆಯನ್ನು ನಾಲ್ಕು ಜನ ನಾಲ್ಕು ಕಡೆ ಒತ್ತಿದರು. ಒತ್ತಿದಲ್ಲೆಲ್ಲ ಅವನು ಪೆಕೋಪೆಕೋ ಎಂದ. ಕೊನೆಗೆ ಸ್ಕ್ಯಾನ್ ಮಾಡುವುದೆಂದೂ ಅಲ್ಲಿಯವರೆಗೆ ಉಪವಾಸ ಮುಂದುವರಿಸುವುದೆಂದೂ ತೀರ್ಮಾನವಾಯಿತು. ಉಪವಾಸವೆಂಬುದನ್ನು ಸನ್ನೆಯಲ್ಲಿ ತಿಳಿಸಿದಾಗ ರೋಗಿ ಗೊಳೋ ಎಂದು ಅತ್ತುಬಿಟ್ಟ.

ಅಷ್ಟರಲ್ಲಿ ನಮ್ಮ ನರ್ಸು ಟ್ರೇ ಹಿಡಿದು ಆ ಕಡೆ ಬಂದಳು, ಒಂದು ಕ್ಷಣ ಕೇಳಿದಳು. "ಡಾಕ್ಟರ್, ಅವನಿಗೆ ಹಸಿವು ಲಾ!" ಎಂದಳು, ಅಲ್ಲಿಯವರ ಮಾತಿನ ಬಾಲದ ಆ 'ಲಾ' ಸಮೇತ. "ಪೆಕೋಪೆಕೋ ಅಂದರೆ ಹೊಟ್ಟೆ ಚುರುಗುಟ್ಟೋದು. ಸೆನ್ಸೇ ಮೂರನೇ ವಾರ ಹೇಳಿಕೊಟ್ಟರಲ್ಲ!" ಓಡಿಹೋಗಿ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ಪರೋಟದಂಥ ರೋಟಿ ಚನಾಯಿಯನ್ನು ತಪಾವ್, ಎಂದರೆ ಪೊಟ್ಟಣ, ಕಟ್ಟಿಸಿ ತಂದಳು. ನಾಲ್ಕು ರೋಟಿ ಒಳಗೆ ಹೋದ ಮೇಲೆ ರೋಗಿ ಎದ್ದು ಕೂತು ಎಲ್ಲರಿಗೂ ಬಾಗಿ ಬಾಗಿ ನಮಸ್ಕರಿಸಿದ. ಆ ಸಂಜೆಯೇ ಮನೆಗೆ ಹೋದ.

ಮರುದಿನ ದೊಡ್ಡ ಸಿಸ್ಟರು ಆಜ್ಞೆ ಹೊರಡಿಸಿದರು: ಈ ನರ್ಸಿಗೆ ಗುರುವಾರ ಸಂಜೆ ಯಾರೂ ಪಾಳಿ ಹಾಕಕೂಡದು, ತಪ್ಪದೆ ಜಪಾನೀ ತರಗತಿಗೆ ಕಳಿಸತಕ್ಕದ್ದು. ನಮ್ಮ ಐದು ತಲೆ ಮತ್ತೆ ಭದ್ರವಾದವು.

ಯಜಮಾನರು ಮಾತ್ರ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. "ಇದಕ್ಕೇ ನಾನು ಪೆಥಾಲಜಿ ತಗೊಂಡದ್ದು," ಎಂದರು ಕೊನೆಗೆ. "ಸೀಸೆಯೊಳಗಿನ ಹೊಟ್ಟೆಗೆ ಹಸಿವಾಗುವುದಿಲ್ಲ."

ಡಾಕ್ಟರರ ಕಥೆ

ವರ್ಷದ ಕೊನೆಗೆ ಲೈನ್ ಡಾನ್ಸಿನವರು ಲಿಖಿತ ಅರ್ಜಿ ಹಾಕಿದರು. ತಮ್ಮಲ್ಲಿ ಮೂವತ್ತು ಜನರಿದ್ದಾರೆ, ಜಪಾನೀಯವರ ಕೋಣೆ ಬೇಕು ಎಂದು. ಕಾರ್ಯದರ್ಶಿ ಯೋಚಿಸಿ ಎರಡು ಷರತ್ತು ಹಾಕಿದರು. ಒಂದು, ಐದೂ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಥೆಯನ್ನು ಅವರ ಮುಂದೆ ಹೇಳಬೇಕು. ಎರಡು, ವಾರ್ಷಿಕೋತ್ಸವಕ್ಕೆ ಬರುವ ಜಪಾನೀ ಅತಿಥಿಗಳು ಭವನದ ಪುಸ್ತಕದಲ್ಲಿ ತರಗತಿಯ ಬಗ್ಗೆ ಒಳ್ಳೆಯ ಮಾತು ಬರೆಯಬೇಕು. ಎರಡೂ ಆದರೆ ಕೋಣೆ ಶಾಶ್ವತವಾಗಿ ಸೆನ್ಸೇಯದು, ತಲೆ ಎಣಿಸುವುದೂ ಇಲ್ಲ. ಒಂದು ತಪ್ಪಿದರೂ ಬೂಟುಗಳು ಒಳಗೆ.

ಕಥೆ ಹೇಳುವ ದಿನಕ್ಕೆ ಎರಡು ವಾರವಿತ್ತು, ಅಷ್ಟರಲ್ಲಿ ಸೆನ್ಸೇ ಸೊರಗಿಹೋದರು. ನಮಗೆಲ್ಲ ಅವರ ಚಿಂತೆ, ನನಗೆ ಯಜಮಾನರ ಚಿಂತೆ. ಅವರ ಮೂರು ಶಬ್ದಗಳಲ್ಲಿ ಕಥೆ ಎಲ್ಲಿಂದ ಬರಬೇಕು? "ಆ ದಿನ ನನಗೆ ಜ್ವರ ಬರ್ತದೆ," ಎಂದು ಮೊದಲೇ ಹೇಳಿಟ್ಟರು. ನಾನೇ ಆರು ಸಾಲಿನ ಒಂದು ಜಪಾನೀ ಕಥೆಯನ್ನು ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟೆ. ನೋಡಿಕೊಂಡು ಓದಿದರೆ ಸಾಕು. ಮಗಳು ಅಪ್ಪನ ಅಭ್ಯಾಸ ಕೇಳಿ, "ಸೋ ಎಂಬರಾಸಿಂಗ್ ಲಾ," ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಗುರುವಾರ ಬಂತು. ಕಾರ್ಯದರ್ಶಿ ಎದುರಿನ ಕುರ್ಚಿಯಲ್ಲಿ ಕೂತರು. ಅವರ ಮುಂದೆ ಆಂಟಿ ಒಂದು ದೊಡ್ಡ ತಟ್ಟೆ ಇಟ್ಟಿದ್ದರು, ಅದರಲ್ಲಿ ಆಲೂಗಡ್ಡೆ ಮಸಾಲೆ ತುಂಬಿದ ಕರಿ ಪಫ್ ಗೋಪುರವಾಗಿತ್ತು. ನಾವು ನಾಲ್ವರೂ ಓದಿದೆವು. ಕಾರ್ಯದರ್ಶಿಗೆ ಒಂದಕ್ಷರವೂ ಗೊತ್ತಾಗದು, ಅವರ ಗಮನವೆಲ್ಲ ಪಫ್‌ನ ಮೇಲೆ. ಆಮೇಲೆ ಯಜಮಾನರು ಎದ್ದು ಜೇಬಿಗೆ ಕೈ ಹಾಕಿದರು. ಕೈ ಹಾಗೆಯೇ ನಿಂತಿತು. ಕಾಗದ ಬಿಳಿಕೋಟಿನ ಜೇಬಿನಲ್ಲಿತ್ತು, ಬಿಳಿಕೋಟು ಕಾಲೇಜಿನಲ್ಲಿತ್ತು.

"ವಾತಾಶಿ," ಎಂದರು. ಎಂದರೆ 'ನಾನು'. ಅದು ಅವರ ಮೂರನೆಯ ಶಬ್ದ. ಅಲ್ಲಿಗೆ ಜಪಾನೀ ಮುಗಿಯಿತು.

ಸೆನ್ಸೇ ಕಣ್ಣು ಮುಚ್ಚಿಕೊಂಡರು. ಕಾರ್ಯದರ್ಶಿ ಪೆನ್ನು ತೆಗೆದರು. ಯಜಮಾನರು ಸೆನ್ಸೇಯ ಮ್ಲಾನ ಮುಖವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಏನನ್ನಿಸಿತೋ, ಎರಡೂ ಕೈ ಎತ್ತಿ ಬೆರಳುಗಳನ್ನು ಮೆಲ್ಲಗೆ ಕೆಳಗಿಳಿಸುತ್ತ, "ಜಿಟಿಜಿಟಿ, ಜಿಟಿಜಿಟಿ," ಎಂದರು.

ಸೆನ್ಸೇ ಕಣ್ಣು ತೆರೆದರು.

"ಪಚಪಚ," ಎಂದು ಕೆಸರಿನಲ್ಲಿ ಕಾಲು ಎತ್ತಿಡುವ ಹಾಗೆ ನಾಲ್ಕು ಹೆಜ್ಜೆ ಹಾಕಿದರು. "ಟಕಟಕ," ಬಾಗಿಲು ಬಡಿದರು. "ಕಿರ್‌ರ್," ಬಾಗಿಲು ತೆರೆಯಿತು. ಒಳಗೆ ಯಾರನ್ನೋ ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡು, "ಢವಢವ, ಢವಢವ." ನನ್ನ ಮುಖ ಬಿಸಿಯಾಯಿತು. ಇದು ಧಾರವಾಡದ ನಮ್ಮ ಮನೆ. ನಮ್ಮಣ್ಣನ ಜೊತೆ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಈ ಮನುಷ್ಯ ಮಳೆಯಲ್ಲಿ ನೆನೆದು ಮೊದಲ ಸಲ ನಮ್ಮಲ್ಲಿಗೆ ಬಂದ ದಿನ. ಬಾಗಿಲು ತೆರೆದವಳು ನಾನು. ಹದಿಮೂರು ವರ್ಷದಲ್ಲಿ ಅವರು ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಪಿಳಿಪಿಳಿ," ಎಂದು ಕಣ್ಣು ಬಡಿದರು. ಮೂಗು ಎತ್ತಿ, "ಘಮ್!" ಎಂದರು. ಅದು ನಾನು ಮಾಡಿದ್ದ ಉಪ್ಪಿಟ್ಟು. ಸೆನ್ಸೇ ಕುರ್ಚಿಯ ತುದಿಗೆ ಬಂದಿದ್ದರು. ಒಂದು ಶಬ್ದವೂ ಅವರ ಭಾಷೆಯದಲ್ಲ, ಒಂದು ಶಬ್ದವೂ ಅವರಿಗೆ ಅರ್ಥವಾಗದೆ ಉಳಿಯಲಿಲ್ಲ. ಕಥೆ ಗೆದ್ದಿತ್ತು. ಇನ್ನು ಕೂತು ಉಪ್ಪಿಟ್ಟು ತಿನ್ನುವುದೊಂದೇ ಬಾಕಿ.

ಹಸಿದವನು ಹೇಗೆ ತಿಂದ ಎಂದು ತೋರಿಸಲು ಯಜಮಾನರಿಗೆ ಎದುರಿಗೇ ಒಳ್ಳೆಯ ನಿದರ್ಶನ ಸಿಕ್ಕಿತು. ನಾಲ್ಕನೆಯ ಕರಿ ಪಫ್ ಬಾಯಿಗಿಟ್ಟಿದ್ದ ಕಾರ್ಯದರ್ಶಿಯ ಕಡೆ ಎರಡೂ ಕೈ ತೋರಿಸಿ, ಕಂಠ ಎತ್ತಿ, "ಬಕಬಕ! ಬಕಬಕ! ಬಕಬಕ!" ಎಂದರು.

ಬಕ ಎಂದರೆ ಜಪಾನೀಯಲ್ಲಿ ಮೂರ್ಖ. ಯಜಮಾನರೊಬ್ಬರನ್ನು ಬಿಟ್ಟು ತರಗತಿಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ನರ್ಸು ಬಾಯಿಗೆ ಕೈ ಒತ್ತಿಕೊಂಡಳು. ಹೆಡ್‌ಮಾಸ್ಟರು ಛತ್ರಿ ಹುಡುಕಿದರು.

ಕಾರ್ಯದರ್ಶಿ ಪಫ್ ಕೆಳಗಿಟ್ಟರು. "ನನ್ನನ್ನು ತೋರಿಸಿ ಏನೋ ಅಂದರು ಡಾಕ್ಟರು. ಏನದು ಬಕಬಕ?"

ಸೆನ್ಸೇ ಸುಳ್ಳು ಹೇಳಿದ್ದನ್ನು ಯಾರೂ ಕಂಡಿಲ್ಲ. ನನ್ನ ಅಕ್ಷರ ಚದುರಿದ ಇರುವೆಗಳ ಹಾಗಿದೆ ಎಂದು ಮುಖಕ್ಕೇ ಹೇಳಿದವರು. ಅವರು ಎದ್ದರು, ಬಾಗಿದರು, ತಲೆ ಎತ್ತದೆಯೇ, "ಬಹಳ ಹಸಿವಿನಿಂದ, ಬಹಳ ಸಂತೋಷದಿಂದ ತಿನ್ನುವುದು ಅಂತ," ಎಂದರು.

ಕಾರ್ಯದರ್ಶಿಯ ಮುಖ ಅರಳಿತು. "ನೋಡಿ, ಇದು ಕಥೆ! ಉಳಿದವರದೆಲ್ಲ ಪುಸ್ತಕ ನೋಡಿ ಬರೆದದ್ದು. ಡಾಕ್ಟರು ಮನುಷ್ಯರನ್ನು ನೋಡಿ ಕಟ್ಟಿದ್ದಾರೆ." ಮೊದಲ ಷರತ್ತಿನ ಮುಂದೆ ಟಿಕ್ ಹಾಕಿ ಐದನೆಯ ಪಫ್ ಎತ್ತಿಕೊಂಡರು.

ಅವರು ಹೋದ ಮೇಲೆ ನೋಡಿದರೆ ಸೆನ್ಸೇ ಕಾರಿಡಾರಿನಲ್ಲಿ ನಿಂತು ಅಳುತ್ತಿದ್ದಾರೆ. ಕೋಣೆಗಾಗಿ ಸುಳ್ಳು ಹೇಳಿದೆನಲ್ಲ ಎಂದು. ನಾನು ಅವರ ಕೈ ಹಿಡಿದು, "ಸುಳ್ಳಲ್ಲ ಸೆನ್ಸೇ, ಕನ್ನಡದಲ್ಲಿ ಬಕಬಕ ಅಂದರೆ ನೀವು ಹೇಳಿದ್ದೇ. ಅಕ್ಷರಕ್ಕೆ ಅಕ್ಷರ ಸರಿ," ಎಂದೆ.

ಅವರು ಕಣ್ಣೊರೆಸಿಕೊಂಡರು. "ಜಪಾನೀಯಲ್ಲಿ ಅದಕ್ಕೆ ಬಾಕುಬಾಕು ಅನ್ನಬೇಕು," ಎಂದರು. "ಡಾಕ್ಟರಿಗೆ ಎರಡು ಮಾರ್ಕು ಕಡಿಮೆ."

ವಾರ್ಷಿಕೋತ್ಸವಕ್ಕೆ ಜಪಾನೀ ಅತಿಥಿಗಳು ಹತ್ತು ಜನ ಬಂದರು. ಮುಖ್ಯ ಅತಿಥಿ ಕಾರ್ಖಾನೆಯ ದೊಡ್ಡ ಮ್ಯಾನೇಜರು, ಸೆನ್ಸೇಯ ಗಂಡನಿಗೂ ಅವರೇ ಮೇಲಧಿಕಾರಿ. ಗಂಭೀರ ಮುಖ, ನಕ್ಕಿದ್ದನ್ನು ಕಂಡವರಿಲ್ಲವಂತೆ. ಊಟದ ಹೊತ್ತಿಗೆ ಅವರು ತಟ್ಟೆ ತುಂಬ ಬಡಿಸಿಕೊಂಡು ಕೂತರು, ಪಕ್ಕದಲ್ಲಿ ಉಳಿದ ಒಂಬತ್ತು ಜನ. ನಮಗೆ ಕಾರ್ಯದರ್ಶಿಯ ನೆನಪೇ ಇರಲಿಲ್ಲ. ಅವರಿಗೆ ಮಾತ್ರ ತಮ್ಮ ಒಂದೇ ಒಂದು ಜಪಾನೀ ಶಬ್ದ ಚೆನ್ನಾಗಿ ನೆನಪಿತ್ತು. ಮೈಕು ಹಿಡಿದು, ದೊಡ್ಡ ಮ್ಯಾನೇಜರ ಎದುರಿಗೇ ಬಂದು, ಸೊಂಟದವರೆಗೆ ಬಾಗಿ, ಬಾಯಿ ತುಂಬ ನಗುತ್ತ, "ಬನ್ನಿ ಬನ್ನಿ, ಮಕಾನ್, ಮಕಾನ್!" ಎಂದು ಮಲಯ್‌ನಲ್ಲಿ ಊಟಕ್ಕೆ ಕರೆದು, "ಎಲ್ಲರೂ ಬಕಬಕ!" ಎಂದರು. ಮ್ಯಾನೇಜರನ್ನು ಕೈಯಿಂದ ತೋರಿಸಿ, "ಸರ್, ನೀವು ಸ್ಪೆಷಲ್ ಬಕಬಕ!" ಎಂದೂ ಸೇರಿಸಿದರು.

ಒಂಬತ್ತು ಜನರ ಚಮಚಗಳು ತಟ್ಟೆಯ ಮೇಲೆ ನಿಂತವು. ಸೆನ್ಸೇಯ ಗಂಡ ಗೋಡೆ ಹಿಡಿದುಕೊಂಡರು. ಸೆನ್ಸೇ ಅಳಲೂ ಮರೆತು ನಿಂತಿದ್ದರು. ನಾನು ಎಲ್ಲ ಮುಗಿಯಿತು ಎಂದುಕೊಂಡೆ. ಮ್ಯಾನೇಜರು ತಟ್ಟೆ ಖಾಲಿ ಮಾಡಿದರು, ಕೈ ಒರೆಸಿಕೊಂಡರು, ಭವನದ ಪುಸ್ತಕ ತರಿಸಿ ಜಪಾನೀಯಲ್ಲಿ ಎರಡು ಸಾಲು ಬರೆದು ಹೊರಟುಹೋದರು.

ಕಾರ್ಯದರ್ಶಿ ಪುಸ್ತಕ ಹಿಡಿದು ಓಡಿಬಂದರು. "ಏನು ಬರೆದಿದ್ದಾರೆ?"

ಸೆನ್ಸೇ ಎರಡು ಸಲ ಓದಿದರು. "ಇಲ್ಲಿ ಜಪಾನೀ ಭಾಷೆಯನ್ನು ಬಹಳ ಚೆನ್ನಾಗಿ ಕಲಿಸುತ್ತಾರೆ, ಈ ತರಗತಿ ಎಂದಿಗೂ ನಿಲ್ಲಬಾರದು ಅಂತ," ಎಂದರು. ಕಾರ್ಯದರ್ಶಿ ಅಲ್ಲೇ ಎರಡನೆಯ ಟಿಕ್ ಹಾಕಿ, ಕೋಣೆಯ ಬೀಗದ ಕೈಯನ್ನು ಸೆನ್ಸೇಯ ಅಂಗೈಯಲ್ಲಿಟ್ಟರು. ಸೆನ್ಸೇ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, ನಾನು ಎಂದೂ ಕಾಣದಷ್ಟು ಹೊತ್ತು ನಕ್ಕರು.

"ಇದೂ ಸುಳ್ಳೇನು?" ಎಂದೆ ಮೆಲ್ಲಗೆ.

"ಇಲ್ಲ, ಅದು ಎರಡನೆಯ ಸಾಲು," ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಮೊದಲನೆಯ ಸಾಲನ್ನು ನಾನೇ ಅಕ್ಷರ ಕೂಡಿಸಿ ಕೂಡಿಸಿ ಓದಿದೆ:

"ಇಪ್ಪತ್ತು ವರ್ಷದಿಂದ ನಾನು ಮ್ಯಾನೇಜರ್, ಎಲ್ಲರೂ ನನ್ನ ಬೆನ್ನ ಹಿಂದೆ ಹೇಳುವುದನ್ನು ಮುಖಕ್ಕೆ ಹೇಳಿದ ಮೊದಲ ಮನುಷ್ಯ ಇವರು."